ಆ ಆರ್ಗನ್ ತುಣುಕು ಯಾರದ್ದು?

ಕೆಲವು ಹಾಡುಗಳಿರುತ್ತವೆ, ಮಾತು ಶುರುವಾಗೋ ಮುಂಚೆಯೇ ಗುರುತು ಸಿಕ್ಕಿಬಿಡುತ್ತವೆ. ನಮ್ಮ ಹಳೇ ಸಿನಿಮಾ ಹಾಡುಗಳನ್ನೇ ನೆನೆಸಿಕೊಳ್ಳಿ. ಪಲ್ಲವಿಗೆ ಮುಂಚೆ ಬರುವ ಕೊಳಲಿನ ಒಂದು ಎಳೆ, ಪಿಟೀಲಿನ ಒಂದು ತುಣುಕು ಕಿವಿಗೆ ಬಿದ್ದರೆ ಸಾಕು, 'ಓ, ಇದು ಆ ಹಾಡು' ಅಂದುಬಿಡುತ್ತೇವೆ. ಬಚ್ಚಲುಮನೆಯಲ್ಲಿ ಗುನುಗುವಾಗಲೂ ಆ ತುಣುಕನ್ನು ಬಿಡುವುದಿಲ್ಲ. ಹಾಡಿದವರ ಹೆಸರು ಗೊತ್ತು, ಬರೆದವರ ಹೆಸರು ಗೊತ್ತು, ಸಂಗೀತ ನಿರ್ದೇಶಕರ ಹೆಸರೂ ಗೊತ್ತು. ಆದರೆ ಆ ಕೊಳಲು ಊದಿದವರು ಯಾರು? ಆ ತುಣುಕು ಹುಟ್ಟಿದ್ದು ಯಾರ ತಲೆಯಲ್ಲಿ? ಬಹಳ ಸಲ ಗೊತ್ತೇ ಇರುವುದಿಲ್ಲ.

ಇಂಗ್ಲೆಂಡಿನಲ್ಲಿ ಒಂದು ರಾಕ್ ಹಾಡಿನ ವಿಷಯದಲ್ಲಿ ಇದೇ ಪ್ರಶ್ನೆ ಎದ್ದು, ಆ ದೇಶದ ಅತ್ಯುನ್ನತ ನ್ಯಾಯಪೀಠದವರೆಗೂ ಹೋಯಿತು. ಹಾಡಿನ ಹೆಸರು 'ಎ ವೈಟರ್ ಶೇಡ್ ಆಫ್ ಪೇಲ್'. ಹಾಡಿದ್ದು ಪ್ರೋಕೋಲ್ ಹಾರಂ ಅನ್ನೋ ತಂಡ. ವರ್ಷ 1967. ತಂಡದ ಹೆಸರಿನ ಅರ್ಥ ಏನು ಅಂತ ತಲೆ ಕೆಡಿಸಿಕೊಳ್ಳಬೇಡಿ, ಅದೊಂದು ಬೆಕ್ಕಿನ ಹೆಸರು :-) ಪರಿಚಯದವರೊಬ್ಬರ ಜಾತಿ ಬೆಕ್ಕಿನ ಹೆಸರನ್ನು, ಅದೂ ಕಾಗುಣಿತ ತಪ್ಪಾಗಿ, ತಂಡಕ್ಕೆ ಇಟ್ಟುಕೊಂಡರಂತೆ.

ಈ ಹಾಡಿನ ಕಥೆಯಲ್ಲಿ ಮುಖ್ಯವಾಗಿ ಮೂರು ಜನ. ಮೊದಲನೆಯವನು ಕೀತ್ ರೀಡ್. ಇವನು ವೇದಿಕೆಯ ಮೇಲೆ ಹಾಡುತ್ತಲೂ ಇರಲಿಲ್ಲ, ಏನನ್ನೂ ನುಡಿಸುತ್ತಲೂ ಇರಲಿಲ್ಲ, ಬರೀ ಬರೆಯುತ್ತಿದ್ದ. ಆದರೂ ತಂಡದ ಪೂರ್ಣ ಸದಸ್ಯ. ಯಾವುದೋ ಪಾರ್ಟಿಯಲ್ಲಿ ಒಬ್ಬಾಕೆಯ ಮುಖ ಬಿಳಿಚಿಕೊಂಡಿದ್ದನ್ನು ನೋಡಿ ಇನ್ಯಾರೋ ಆಡಿದ ಮಾತು ಇವನ ಕಿವಿಗೆ ಬಿದ್ದು, ಅದೇ ಹಾಡಿನ ಹೆಸರಾಯಿತು. ಎರಡನೆಯವನು ಗ್ಯಾರಿ ಬ್ರೂಕರ್. ಹಾಡುಗಾರ, ಪಿಯಾನೋ ವಾದಕ. ರೀಡ್ ಬರೆದು ಕೊಟ್ಟಿದ್ದಕ್ಕೆ ಪಿಯಾನೋ ಮುಂದೆ ಕೂತು ರಾಗ ಹಾಕಿದ. 1967ರ ಮಾರ್ಚ್ ಹೊತ್ತಿಗೆ ಇಬ್ಬರೂ ಹಾಡಿನ ಹಕ್ಕುಗಳನ್ನು ಎಸೆಕ್ಸ್ ಮ್ಯೂಸಿಕ್ ಅನ್ನೋ ಪ್ರಕಾಶನ ಕಂಪನಿಗೆ ಬರೆದುಕೊಟ್ಟೂ ಆಗಿತ್ತು.

ಮೂರನೆಯವನು ತಂಡಕ್ಕೆ ಬಂದಿದ್ದು ಇದೆಲ್ಲ ಆದಮೇಲೆ. ಅವನೇ ಮ್ಯಾಥ್ಯೂ ಫಿಶರ್. ಆಗಷ್ಟೇ 21 ತುಂಬಿದ ಹುಡುಗ. ಅವನ ಹತ್ತಿರ ಸ್ವಂತದ್ದೊಂದು ಹ್ಯಾಮಂಡ್ ಆರ್ಗನ್ ಇತ್ತು. ಚರ್ಚುಗಳಲ್ಲಿ ಗೋಡೆ ತುಂಬಾ ಕೊಳವೆಗಳಿರುವ ದೊಡ್ಡ ಆರ್ಗನ್ ಇರುತ್ತದಲ್ಲ, ಅಷ್ಟು ದುಡ್ಡು ಹಾಕಲಾರದ ಚರ್ಚುಗಳಿಗೆ ಅಂತ 1930ರ ದಶಕದಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ವಿದ್ಯುತ್ ವಾದ್ಯ ಇದು. ಆಮೇಲೆ ಜಾಝ್‌ನವರು, ರಾಕ್‌ನವರು ಎತ್ತಿಕೊಂಡರು.

1967ರ ವಸಂತದಲ್ಲಿ ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಆಯಿತು. ನಿರ್ಮಾಪಕ ಡೆನ್ನಿ ಕಾರ್ಡೆಲ್. ಡ್ರಮ್ಸ್ ಬಾರಿಸಿದ ಬಿಲ್ ಐಡನ್ ತಂಡದವನೇ ಅಲ್ಲ, ಅವತ್ತಿನ ಕೆಲಸಕ್ಕೆ ಅಂತ ಕರೆಸಿದ ಕಲಾವಿದ. ರೀಡ್ ಬರೆದಿದ್ದು ನಾಲ್ಕು ಚರಣ, ರೆಕಾರ್ಡಿನಲ್ಲಿ ಉಳಿದಿದ್ದು ಎರಡೇ. ಅಷ್ಟಾದರೂ ಹಾಡು ನಾಲ್ಕು ನಿಮಿಷ! ಆಗಿನ ಸಿಂಗಲ್‌ಗಳ ಲೆಕ್ಕದಲ್ಲಿ ಇದು ಉದ್ದವೇ. ಜಾಗವನ್ನೆಲ್ಲ ತುಂಬಿದ್ದು ಫಿಶರ್‌ನ ಆರ್ಗನ್. ಶುರುವಿನಲ್ಲಿ ಎಂಟು ಬಾರ್ ಅವನದ್ದೇ, ಚರಣಗಳ ನಡುವೆ ಮತ್ತೆ ಅದೇ, ಹಾಡಿನ ಕೆಳಗೂ ಅದೇ ಹರಿಯುತ್ತಿರುತ್ತದೆ.

ಮೇ 12ಕ್ಕೆ ಡೆರಾಮ್ ಕಂಪನಿಯ ಸಿಂಗಲ್ ಆಗಿ ಹಾಡು ಹೊರಬಂತು. ಜೂನ್ 8ಕ್ಕೆ ಬ್ರಿಟನ್ನಿನಲ್ಲಿ ಮೊದಲನೇ ಸ್ಥಾನ, ಆರು ವಾರ ಅಲ್ಲಾಡಲಿಲ್ಲ. ಕೆಳಗಿಳಿಸಲು ಕೊನೆಗೆ ಬೀಟಲ್ಸ್‌ನವರೇ ಬರಬೇಕಾಯಿತು. ಅಮೆರಿಕದಲ್ಲಿ ಐದನೇ ಸ್ಥಾನ. ಮುದ್ರೆಯ ಮೇಲಿದ್ದ ಹೆಸರು ಎರಡೇ: ಬ್ರೂಕರ್, ರೀಡ್.

ಈಗ ಸ್ವಲ್ಪ ಸಂಗೀತದ ಮಾತು. ನನಗೆ ಪಾಶ್ಚಾತ್ಯ ಸಂಗೀತದ ಶಾಸ್ತ್ರ ದೊಡ್ಡದಾಗೇನೂ ಬರುವುದಿಲ್ಲ, ಆದರೆ ಇದನ್ನು ಅರ್ಥ ಮಾಡಿಕೊಳ್ಳಲು ಸರಳೆ ವರಸೆ ಕಲಿತಿದ್ದರೆ ಸಾಕು. ಹಾಡಿನ ತಳದಲ್ಲಿ ಬೇಸ್ ಸ್ವರಗಳು ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋಗುತ್ತವೆ: ಸ ನಿ ದ ಪ ಮ ಗ ರಿ ಸ. ಶಂಕರಾಭರಣದ ಅವರೋಹಣ ಅಂದುಕೊಳ್ಳಿ. ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಖ್ 18ನೇ ಶತಮಾನದಲ್ಲಿ ರಚಿಸಿದ ಮೂರನೇ ಆರ್ಕೆಸ್ಟ್ರಾ ಸೂಟ್‌ನ 'ಏರ್' ಅನ್ನೋ ಭಾಗದಲ್ಲೂ ಬೇಸ್ ಹೀಗೆಯೇ ಇಳಿಯುತ್ತದೆ. ಈ ಇಳಿಜಾರು ಬ್ರೂಕರ್‌ನದ್ದು. ಬಾಖ್‌ನ ಪ್ರಭಾವವನ್ನು ಅವನೂ ಮುಚ್ಚಿಡಲಿಲ್ಲ.

ಆ ಇಳಿಜಾರಿನ ಮೇಲೆ ಫಿಶರ್ ಮಾಡಿದ್ದೇನು? ಬಾಖ್‌ನ 'ಏರ್' ಶುರುವಾಗುವುದು ಒಂದು ದೀರ್ಘ ಗಾಂಧಾರದಿಂದ. ತಳದಲ್ಲಿ ಬೇಸ್ ಇಳಿಯುತ್ತಿದ್ದರೂ ಮೇಲೆ ಆ ಸ್ವರ ಅಲ್ಲಾಡದೆ ನಿಂತಿರುತ್ತದೆ. ಫಿಶರ್ ಕೂಡ ಹಾಗೇ ನಿಂತು ಶುರು ಮಾಡುತ್ತಾನೆ. ಆಮೇಲೆ ಬಾಖ್‌ನನ್ನು ಅಲ್ಲೇ ಬಿಟ್ಟು ತನ್ನ ದಾರಿ ಹಿಡಿಯುತ್ತಾನೆ. ಅಲ್ಲಿ ಅವನು ಹೆಣೆದ ತುಣುಕು ಬಾಖ್‌ನಲ್ಲೂ ಇಲ್ಲ, ಬ್ರೂಕರ್ ಹಾಡುವ ರಾಗದಲ್ಲೂ ಇಲ್ಲ. ಹಾಡನ್ನು ಒಂದೇ ಸಲ ಕೇಳಿದವರಿಗೂ ನೆನಪಲ್ಲಿ ಉಳಿಯುವುದು ಅದೇ. 1991ರ 'ದ ಕಮಿಟ್‌ಮೆಂಟ್ಸ್' ಸಿನಿಮಾದಲ್ಲಿ ಹುಡುಗನೊಬ್ಬ ಚರ್ಚಿನ ಆರ್ಗನ್ ಮುಂದೆ ಕೂತು ಈ ಹಾಡು ನುಡಿಸುತ್ತಾನೆ. ಆರ್ಗನ್ ಕಂಡರೆ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ!

ಫಿಶರ್ 1967ರಲ್ಲೇ ತನ್ನ ಪಾಲಿನ ಬಗ್ಗೆ ಕೇಳಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಅಂತ ಆಮೇಲೆ ಕೋರ್ಟಿನಲ್ಲಿ ಹೇಳಿದ. ಜಾಸ್ತಿ ಒತ್ತಾಯ ಮಾಡಿದರೆ ತಂಡದಿಂದಲೇ ಹೊರಗೆ ಕಳಿಸುತ್ತಾರೆ ಅನ್ನೋ ಭಯವಂತೆ. ಹೊಸದಾಗಿ ಸೇರಿದ ಹುಡುಗ, ಹಾಡು ನಂಬರ್ ಒನ್ ಆಗಿದೆ, ಆಗ ಬಾಯಿ ಬಿಡುವುದು ಯಾರಿಗೆ ತಾನೇ ಸುಲಭ? ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾವು ಎಷ್ಟು ಬಾಯಿ ಬಿಟ್ಟಿದ್ದೇವೆ ಹೇಳಿ. 1969ರಲ್ಲಿ ಅವನು ತಂಡ ಬಿಟ್ಟ. ಮುಂದೆ ಕೇಂಬ್ರಿಜ್‌ನಲ್ಲಿ ಕಂಪ್ಯೂಟರ್ ವಿಜ್ಞಾನ ಓದಿ ಪ್ರೋಗ್ರಾಮರ್ ಆದ (ನಮ್ಮ ಪೈಕಿಯವನೇ!). 1991ರ ಹೊತ್ತಿಗೆ ಮತ್ತೆ ತಂಡ ಸೇರಿ, 2004ರಲ್ಲಿ ಮತ್ತೆ ಬಿಟ್ಟ. 2005ರಲ್ಲಿ ಬ್ರೂಕರ್ ಮತ್ತು ಪ್ರಕಾಶನ ಕಂಪನಿಯ ಮೇಲೆ ದಾವೆ ಹೂಡಿದ. ಹಾಡು ಬಂದು ಆಗಲೇ 38 ವರ್ಷ.

2006ರ ಡಿಸೆಂಬರ್‌ನಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಬ್ಲ್ಯಾಕ್‌ಬರ್ನ್ ತೀರ್ಪು ಕೊಟ್ಟರು. ಅವರ ತರ್ಕ ನನಗೆ ಬಹಳ ಇಷ್ಟವಾಯಿತು. ಮಾರ್ಚ್ ತಿಂಗಳಲ್ಲಿ ಬ್ರೂಕರ್ ಪಿಯಾನೋ ಮೇಲೆ ಕಟ್ಟಿದ ಹಾಡು ಒಂದು ಕೃತಿ. ಸ್ಟುಡಿಯೋದಲ್ಲಿ ಆರ್ಗನ್ ಸೇರಿ ರೆಕಾರ್ಡ್ ಆಗಿದ್ದು ಇನ್ನೊಂದು ಕೃತಿ. ಜಗತ್ತು ಕೇಳಿದ್ದು ಈ ಎರಡನೆಯದನ್ನು. ಅದರಲ್ಲಿ ಫಿಶರ್‌ನ ಕೊಡುಗೆ ದೊಡ್ಡದು, ಆದರೆ ಬ್ರೂಕರ್‌ನಷ್ಟಲ್ಲ. ಆದ್ದರಿಂದ ಸಂಗೀತದ ಹಕ್ಕಿನಲ್ಲಿ 40 ಪ್ರತಿಶತ ಫಿಶರ್‌ಗೆ. ಅವನು ಕೇಳಿದ್ದು ಅರ್ಧ. ರಾಯಲ್ಟಿ ಹಣವೂ ದಾವೆ ಹೂಡಿದ 2005ರಿಂದ ಮುಂದಕ್ಕೆ ಮಾತ್ರ, ಹಿಂದಿನ 38 ವರ್ಷದ್ದಕ್ಕೆ ಒಂದು ಪೈಸೆಯೂ ಇಲ್ಲ.

ಬ್ರೂಕರ್‌ಗೆ ಇದು ಆಘಾತ. ಅವನ ವಾದವನ್ನೂ ಕೇಳಬೇಕು, ಏಕೆಂದರೆ ಅದರಲ್ಲಿ ಹುರುಳಿದೆ. ಸ್ಟುಡಿಯೋದಲ್ಲಿ ನುಡಿಸುವ ಪ್ರತಿಯೊಬ್ಬರೂ ತಮ್ಮದೇನಾದರೂ ಒಂದಿಷ್ಟು ಸೇರಿಸಿಯೇ ಸೇರಿಸುತ್ತಾರೆ. ನಾಳೆ ಡ್ರಮ್ಸ್‌ನವನು ಬಂದು ನನಗೂ ಪಾಲು ಕೊಡು ಅಂದರೆ? ಹಳೇ ರೆಕಾರ್ಡುಗಳ ಮೇಲೆಲ್ಲ ಹೀಗೆ ದಾವೆ ಬಿದ್ದರೆ ಹಾಡು ಕಟ್ಟುವವನ ಗತಿ ಏನು? ಅದೂ ಅಲ್ಲದೆ ಇಷ್ಟು ವರ್ಷ ಜೊತೆಯಲ್ಲೇ ನುಡಿಸಿದವನು, ಎಂದೂ ಕೋರ್ಟಿನ ಮಾತು ಎತ್ತದವನು, ಈಗ ಬಂದು ಕೇಳುವುದು ಯಾವ ನ್ಯಾಯ?

2008ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಈ ಕೊನೆಯ ಮಾತನ್ನು ಒಪ್ಪಿತು. ಫಿಶರ್ ಸಹ ರಚನಕಾರ ಅನ್ನೋದು ಸರಿ, ಆದರೆ ವಿಪರೀತ ತಡ ಮಾಡಿದ್ದರಿಂದ ಹಣದಲ್ಲಿ ಪಾಲಿಲ್ಲ ಅಂತ ಬಹುಮತದ ತೀರ್ಪು. ಹೆಸರು ಉಂಟು, ಕಾಸಿಲ್ಲ. ಮದುವೆಗೆ ಕರೆದು ಊಟಕ್ಕೆ ಎಲೆ ಹಾಕದ ಹಾಗೆ...

ಫಿಶರ್ ಬಿಡಲಿಲ್ಲ. ಪ್ರಕರಣ ಹೌಸ್ ಆಫ್ ಲಾರ್ಡ್ಸ್‌ಗೆ ಹೋಯಿತು. ಬ್ರಿಟನ್ನಿಗೆ ಸುಪ್ರೀಂ ಕೋರ್ಟ್ ಬಂದಿದ್ದು 2009ರ ಅಕ್ಟೋಬರ್‌ನಲ್ಲಿ, ಅಲ್ಲಿಯವರೆಗೆ ಕೊನೆಯ ಮಾತು ಲಾರ್ಡ್ಸ್ ಸಭೆಯ ನ್ಯಾಯಾಧೀಶರದ್ದೇ. ಅವರು ಕೊಟ್ಟ ಕಟ್ಟಕಡೆಯ ತೀರ್ಪುಗಳಲ್ಲಿ ಇದೂ ಒಂದು: 2009ರ ಜುಲೈ 30. ಐವರೂ ಒಮ್ಮತದಿಂದ ಫಿಶರ್ ಪರ. ಕೃತಿಯ ಒಡೆತನ ನನ್ನದು ಅಂತ ಸಾರಿಸಿಕೊಳ್ಳಲು ಆ ದೇಶದ ಕಾನೂನಿನಲ್ಲಿ ಕಾಲಮಿತಿ ಇಲ್ಲ. ಇನ್ನು ತಡ ಮಾಡಿದ್ದರಿಂದ ಯಾರಿಗೆ ನಷ್ಟ? ಲಾರ್ಡ್ ನ್ಯೂಬರ್ಗರ್ ಇದಕ್ಕೆ ಕೊಟ್ಟ ಉತ್ತರ ಸೊಗಸಾಗಿದೆ: ಇಷ್ಟು ವರ್ಷ ಫಿಶರ್‌ನ ಪಾಲನ್ನೂ ಸೇರಿಸಿ ಅನುಭವಿಸಿದವರು ಎದುರು ಪಕ್ಷದವರೇ, ಹಾಗಾಗಿ ಅವನ ಮೌನದಿಂದ ಅವರಿಗೆ ಲಾಭವೇ ಆಗಿದೆ. ಪೀಠದಲ್ಲಿದ್ದ ಬ್ಯಾರನೆಸ್ ಹೇಲ್, ಅರವತ್ತರ ದಶಕ ತಮಗೂ ನೆನಪಿದೆ, ಆ ಆರ್ಗನ್ ಭಾಗ ರಚಿಸಿದವನಿಗೆ ಕೊನೆಗೂ ಮನ್ನಣೆ ಸಿಕ್ಕಿದ್ದು ಸಂತೋಷ ಅನ್ನೋ ಅರ್ಥದ ಮಾತು ಬರೆದರು. ತೀರ್ಪಿನಲ್ಲಿ ಇಂಥ ಮಾತು ಓದಲು ಸಿಗುವುದು ಅಪರೂಪ.

ಹಾಗಾದರೆ ಬ್ರೂಕರ್ ಹೆದರಿದ ಹಾಗೆ ಎಲ್ಲರೂ ಪಾಲು ಕೇಳಬಹುದೇ? ನನಗೆ ಹಾಗನ್ನಿಸುವುದಿಲ್ಲ. ಕೊಟ್ಟ ಸ್ವರಗಳನ್ನು ಚೆನ್ನಾಗಿ ನುಡಿಸುವುದು ಬೇರೆ, ಇಲ್ಲದ ಸ್ವರಗಳನ್ನು ತಂದು ಇಡುವುದು ಬೇರೆ. ಆ ತುಣುಕನ್ನು ತೆಗೆದುಬಿಟ್ಟರೆ ಹಾಡು ಅದೇ ಹಾಡಾಗಿ ಉಳಿಯುತ್ತದೆಯೇ, ಇಲ್ಲವೇ? ನನಗೆ ತೋಚುವ ಪರೀಕ್ಷೆ ಇದು. ಇಲ್ಲಿ ಉತ್ತರ ನಮ್ಮ ಕಿವಿಗೇ ಗೊತ್ತು. ಆದರೆ ಗೆರೆ ಸರಿಯಾಗಿ ಎಲ್ಲಿ ಬೀಳುತ್ತದೆ ಅಂತ ಮುಂಚೆಯೇ ಹೇಳಲಾಗುವುದಿಲ್ಲ, ಪ್ರತಿ ಹಾಡಿಗೂ ಬೇರೆ ಬೇರೆ ಕಡೆ ಬೀಳುತ್ತದೆ. ಬ್ರೂಕರ್‌ನ ಅಳಲಿನಲ್ಲಿ ನಿಜ ಇರುವುದು ಅಷ್ಟರ ಮಟ್ಟಿಗೆ. ಬಾಖ್ ಮಾತ್ರ ಪಾಲು ಕೇಳಲು ಬರಲಿಲ್ಲ, ಅವನು ತೀರಿಕೊಂಡಿದ್ದು 1750ರಲ್ಲಿ :-)

ನಮ್ಮ ದೇಶದಲ್ಲಿ 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆಗಿ, ಸಿನಿಮಾ ಹಾಡು ಬರೆದವರಿಗೂ ಸಂಗೀತ ಕೊಟ್ಟವರಿಗೂ ರಾಯಲ್ಟಿಯ ಹಕ್ಕು ಗಟ್ಟಿಯಾಯಿತು. ಒಳ್ಳೆಯದೇ. ಆದರೆ ಆ ಕೊಳಲಿನ ಎಳೆ ಹೊಸೆದವರನ್ನು 'ಸಂಗೀತ ಕೊಟ್ಟವರು' ಅನ್ನೋ ಮಾತಿನೊಳಗೆ ಸೇರಿಸಬೇಕೋ ಬೇಡವೋ, ಅದು ಫಿಶರ್‌ನ ಪ್ರಶ್ನೆಯೇ.

ಹಾಡಿಗೆ ಮಾತ್ರ ಇಷ್ಟೆಲ್ಲ ಜಗಳದಿಂದ ಏನೂ ಆಗಿಲ್ಲ. 1977ರಲ್ಲಿ ಮೊದಲ ಬ್ರಿಟ್ ಪ್ರಶಸ್ತಿ ಕೊಟ್ಟಾಗ ಹಿಂದಿನ 25 ವರ್ಷದ ಅತ್ಯುತ್ತಮ ಬ್ರಿಟಿಷ್ ಸಿಂಗಲ್ ಅಂತ ಕ್ವೀನ್ ತಂಡದ 'ಬೊಹೀಮಿಯನ್ ರಾಪ್ಸಡಿ' ಜೊತೆ ಪ್ರಶಸ್ತಿ ಹಂಚಿಕೊಂಡಿತ್ತು. 2009ರಲ್ಲಿ, ಅಂದರೆ ತೀರ್ಪು ಬಂದ ವರ್ಷವೇ, ಬ್ರಿಟನ್ನಿನ ಸಾರ್ವಜನಿಕ ಜಾಗಗಳಲ್ಲಿ 75 ವರ್ಷಗಳಲ್ಲಿ ಅತಿ ಹೆಚ್ಚು ಕೇಳಿಬಂದ ಹಾಡುಗಳ ಬಿಬಿಸಿ ರೇಡಿಯೋ 2 ಪಟ್ಟಿಯಲ್ಲಿ ಮೊದಲನೆಯದಾಗಿ ನಿಂತಿತು. 2018ರಲ್ಲಿ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಕೂಡ ಸೇರಿಸಿಕೊಂಡಿತು. ಬ್ರೂಕರ್ 2022ರಲ್ಲಿ ತೀರಿಕೊಂಡ, ರೀಡ್ 2023ರಲ್ಲಿ.

ಈಗ ಹಾಡಿನ ಕೆಳಗೆ ಮೂರು ಹೆಸರು ಇವೆ: ಬ್ರೂಕರ್, ರೀಡ್, ಫಿಶರ್. 38 ವರ್ಷದ ದುಡ್ಡು ಹೋಗಿದ್ದು ಹೋಯಿತು, ಮೂರನೇ ಹೆಸರು ಉಳಿಯಿತು. ಈ ಹಾಡು ಕೇಳಿಲ್ಲದವರು ಒಮ್ಮೆ ಕೇಳಿ, ಕೇಳಿದವರು ಈ ಸಲ ಬರೀ ಆರ್ಗನ್ ಮೇಲೆ ಗಮನ ಇಟ್ಟು ಕೇಳಿ. ಆಮೇಲೆ ಹೇಳಿ: ನೀವು ನ್ಯಾಯಾಧೀಶರಾಗಿದ್ದರೆ ಫಿಶರ್‌ಗೆ ಎಷ್ಟು ಪಾಲು ಕೊಡುತ್ತಿದ್ದಿರಿ?