ಇಸಬು

ಇಸಬು ಚರ್ಮದ ಉರಿಯೂತದಿಂದ ಉಂಟಾಗುವ, ತೀವ್ರ ತುರಿಕೆಯೇ ಪ್ರಧಾನ ಲಕ್ಷಣವಾಗಿರುವ ಒಂದು ಚರ್ಮವ್ಯಾಧಿ. ಗುಣವಾದಂತೆ ತೋರಿ ಮತ್ತೆ ಮತ್ತೆ ಮರುಕಳಿಸುವುದು ಇದರ ಸ್ವಭಾವ. ವೈದ್ಯರು ಇದನ್ನು ಎಕ್ಸಿಮಾ ಅಥವಾ ಡರ್ಮಟೈಟಿಸ್ ಎಂದು ಕರೆಯುತ್ತಾರೆ. ಇದು ಒಂದೇ ರೋಗವಲ್ಲ. ಬೇರೆ ಬೇರೆ ಕಾರಣಗಳಿಂದ ಹುಟ್ಟಿದರೂ ಚರ್ಮದ ಮೇಲೆ ಒಂದೇ ಬಗೆಯಾಗಿ ಕಾಣಿಸಿಕೊಳ್ಳುವ ಹಲವು ರೋಗಗಳಿಗೆ ಇರುವ ಸಾಮಾನ್ಯ ಹೆಸರು. ಇಸಬು ಅಂಟುರೋಗವಲ್ಲ. ಮುಟ್ಟುವುದರಿಂದಾಗಲಿ, ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದರಿಂದಾಗಲಿ ಇದು ಹರಡುವುದಿಲ್ಲ. ಕಜ್ಜಿಯೆಂದು ತಪ್ಪಾಗಿ ತಿಳಿದು ಇಸಬಿರುವ ಮಕ್ಕಳನ್ನು ತರಗತಿಯಲ್ಲಿ ಪ್ರತ್ಯೇಕವಾಗಿ ಕೂರಿಸುವುದುಂಟು. ಈ ಪದ್ಧತಿಗೆ ಯಾವ ಆಧಾರವೂ ಇಲ್ಲ.

ಹೆಸರು

ಎಕ್ಸಿಮಾ ಎಂಬ ಪದವು 'ಕುದಿದು ಉಕ್ಕುವುದು' ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಬಂದಿದೆ. ನೀರು ಒಸರುವ ಸಣ್ಣ ಗುಳ್ಳೆಗಳನ್ನು ನೋಡಿದವರಿಗೆ ಈ ಹೆಸರಿನ ಔಚಿತ್ಯ ತಿಳಿಯುತ್ತದೆ. ಆಯುರ್ವೇದ ಗ್ರಂಥಗಳು ಕ್ಷುದ್ರಕುಷ್ಠಗಳ ಸಾಲಿನಲ್ಲಿ ಹೇಳುವ ವಿಚರ್ಚಿಕೆಯನ್ನು ಸಾಮಾನ್ಯವಾಗಿ ಇಸಬಿಗೆ ಸಮೀಕರಿಸಲಾಗುತ್ತದೆ. ಕನ್ನಡದ ಆಡುಮಾತಿನಲ್ಲಿ ಗಜಕರ್ಣ ಎಂಬ ಪದವನ್ನು ಇಸಬಿಗೂ ಹುಳುಕಡ್ಡಿಗೂ ಬಳಸುವುದರಿಂದ ಗೊಂದಲ ಉಂಟಾಗುತ್ತದೆ. ಇವೆರಡರ ಚಿಕಿತ್ಸೆ ಬೇರೆ ಬೇರೆಯಾದ ಕಾರಣ ಈ ಗೊಂದಲ ಕೇವಲ ಪದಗಳದ್ದಲ್ಲ.

ಲಕ್ಷಣಗಳು

ಹೊಸದಾಗಿ ಎದ್ದ ಇಸಬಿನಲ್ಲಿ ಚರ್ಮ ಕೆಂಪಾಗಿ ಊದಿಕೊಂಡು, ಸಣ್ಣ ಗುಳ್ಳೆಗಳೆದ್ದು, ಅವು ಒಡೆದು ನೀರು ಒಸರಿ ಹಕ್ಕಳೆ ಕಟ್ಟುತ್ತದೆ. ಕಪ್ಪು ಅಥವಾ ಗೋಧಿ ಬಣ್ಣದ ಚರ್ಮದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಕಂದು, ನೇರಳೆ ಅಥವಾ ಬೂದು ಛಾಯೆ ಕಾಣಿಸುತ್ತದೆ. ಪಾಶ್ಚಾತ್ಯ ಪಠ್ಯಪುಸ್ತಕಗಳ ಚಿತ್ರಗಳನ್ನಷ್ಟೇ ನೋಡಿದವರು ಇದನ್ನು ಗುರುತಿಸದೆ ಹೋಗಬಹುದು. ರೋಗ ಹಳೆಯದಾದಂತೆ ಕೆರೆದ ಜಾಗದ ಚರ್ಮ ದಪ್ಪಗಾಗಿ, ಗೆರೆಗಳು ಆಳವಾಗಿ, ತೊಗಲಿನಂತೆ ಒರಟಾಗುತ್ತದೆ.

ರೋಗ ಕಾಣಿಸಿಕೊಳ್ಳುವ ಜಾಗವೇ ಅದರ ಬಗೆಯನ್ನು ಸೂಚಿಸುತ್ತದೆ. ಅಟಾಪಿಕ್ ಇಸಬು ಎಳೆಗೂಸುಗಳಲ್ಲಿ ಕೆನ್ನೆಯ ಮೇಲೂ ದೊಡ್ಡ ಮಕ್ಕಳಲ್ಲಿ ಮೊಣಕೈ ಹಾಗೂ ಮೊಣಕಾಲಿನ ಮಡಿಕೆಗಳಲ್ಲೂ ಏಳುತ್ತದೆ. ಅಂಗೈ, ಅಂಗಾಲು ಮತ್ತು ಬೆರಳುಗಳ ಬದಿಯಲ್ಲಿ ಸಬ್ಬಕ್ಕಿಯಂತಹ ಗುಳ್ಳೆಗಳೇಳುವುದು ಪಾಂಫೋಲಿಕ್ಸ್. ಬಹುಕಾಲ ನಿಂತು ಕೆಲಸ ಮಾಡುವ, ಕಾಲಿನ ರಕ್ತನಾಳಗಳು ಉಬ್ಬಿರುವ ಹಿರಿಯರಲ್ಲಿ ಕಣಕಾಲಿನ ಒಳಬದಿ ಕಪ್ಪಾಗಿ ತುರಿಸುವುದು ಇನ್ನೊಂದು ಬಗೆ. ನೆತ್ತಿ, ಹುಬ್ಬು ಮತ್ತು ಮೂಗಿನ ಪಕ್ಕದಲ್ಲಿ ಹೊಟ್ಟು ಏಳುವುದು ಸೆಬೊರಿಕ್ ಇಸಬು.

ಕಾರಣಗಳು

ಆರೋಗ್ಯವಂತ ಚರ್ಮದ ಹೊರಪದರವನ್ನು ಇಟ್ಟಿಗೆ ಗೋಡೆಗೆ ಹೋಲಿಸುವುದು ರೂಢಿ: ಜೀವಕೋಶಗಳು ಇಟ್ಟಿಗೆಗಳು, ಅವುಗಳ ನಡುವಿನ ಕೊಬ್ಬಿನಂಶ ಗಾರೆ. ಇಸಬಿನಲ್ಲಿ ಈ ಗೋಡೆ ಬಿರುಕು ಬಿಟ್ಟಿರುತ್ತದೆ. ಒಳಗಿನ ತೇವ ಹೊರಹೋಗುತ್ತದೆ. ಹೊರಗಿನ ಸೋಪು, ಧೂಳು, ಸೂಕ್ಷ್ಮಾಣುಗಳು ಒಳನುಗ್ಗುತ್ತವೆ. ರೋಗನಿರೋಧಕ ವ್ಯವಸ್ಥೆ ಇದಕ್ಕೆ ಅತಿಯಾಗಿ ಪ್ರತಿಕ್ರಿಯಿಸಿದಾಗ ಉರಿಯೂತವೂ ತುರಿಕೆಯೂ ಹುಟ್ಟುತ್ತವೆ. ಕೆರೆದರೆ ಗೋಡೆ ಇನ್ನಷ್ಟು ಒಡೆಯುತ್ತದೆ, ಒಡೆದಷ್ಟೂ ತುರಿಕೆ ಹೆಚ್ಚುತ್ತದೆ. ಮೂಲ ಕಾರಣ ದೂರವಾದ ಬಳಿಕವೂ ಇಸಬು ವರ್ಷಗಟ್ಟಲೆ ಉಳಿಯಲು ಈ ವಿಷಚಕ್ರವೇ ಮುಖ್ಯ ಕಾರಣ.

ಚರ್ಮದ ಹೊರಪದರದ ರಚನೆಗೆ ಅಗತ್ಯವಾದ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿರುವ ದೋಷಗಳಿಗೂ ಅಟಾಪಿಕ್ ಇಸಬಿಗೂ ಸಂಬಂಧವಿದೆಯೆಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಅರ್ವಿನ್ ಮೆಕ್ಲೀನ್ ಮತ್ತು ಸಹೋದ್ಯೋಗಿಗಳು ತೋರಿಸಿದರು. ಉಬ್ಬಸ ಅಥವಾ ಅಲರ್ಜಿಯ ನೆಗಡಿ ಇರುವ ಕುಟುಂಬಗಳಲ್ಲಿ ಈ ಬಗೆಯ ಇಸಬು ಹೆಚ್ಚು. ಆದರೆ ಜೀನ್ ದೋಷವಿರುವ ಎಲ್ಲರಿಗೂ ರೋಗ ಬರುವುದಿಲ್ಲ. ಒಣಹವೆ, ಬೆವರು, ಉಣ್ಣೆ ಬಟ್ಟೆ, ಮನಸ್ಸಿನ ಒತ್ತಡ ಇವು ಕೆರಳಿಸುವ ಅಂಶಗಳು.

ಸಂಪರ್ಕದಿಂದ ಬರುವ ಇಸಬಿಗೆ ನಿತ್ಯಜೀವನದ ವಸ್ತುಗಳೇ ಕಾರಣ: ಅಗ್ಗದ ಓಲೆಯಲ್ಲಿರುವ ನಿಕ್ಕಲ್, ಹಸಿ ಸಿಮೆಂಟಿನ ಕ್ರೋಮೇಟ್, ಕೂದಲಿನ ಕಪ್ಪು ಬಣ್ಣದ ರಾಸಾಯನಿಕ, ಅಂಟುಬಿಂದಿಯ ಗೋಂದು. ದಿನವೂ ಬೆಳ್ಳುಳ್ಳಿ ಸುಲಿಯುವವರ ಬೆರಳ ತುದಿ ಒಡೆಯುವುದೂ ಈ ಗುಂಪಿಗೇ ಸೇರುತ್ತದೆ. ಸಂಶಯವಿರುವ ವಸ್ತುಗಳನ್ನು ಬೆನ್ನಿನ ಮೇಲೆ ಎರಡು ದಿನ ಅಂಟಿಸಿ ನೋಡುವ ಪ್ಯಾಚ್ ಪರೀಕ್ಷೆಯಿಂದ ಕಾರಣವನ್ನು ಪತ್ತೆ ಮಾಡಲಾಗುತ್ತದೆ.

ಕಾಂಗ್ರೆಸ್ ಗಿಡ

ಕರ್ನಾಟಕದ ಮಟ್ಟಿಗೆ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ವಿಶೇಷ ಉಲ್ಲೇಖಕ್ಕೆ ಅರ್ಹ. ಅಮೆರಿಕ ಖಂಡದ ಉಷ್ಣವಲಯದ ಈ ಕಳೆ 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು, ಮುಂದೆ ದೇಶದ ಬಹುಭಾಗಕ್ಕೆ ಹಬ್ಬಿತು. ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಅಲರ್ಜಿ ಉಂಟುಮಾಡುತ್ತದೆ. ಗಿಡವನ್ನು ಮುಟ್ಟಬೇಕೆಂದೇನೂ ಇಲ್ಲ. ಒಣಗಿದ ಎಲೆ ಮತ್ತು ಹೂವಿನ ಪುಡಿ ಗಾಳಿಯಲ್ಲಿ ತೇಲಿಬಂದರೂ ಸಾಕು. ರೆಪ್ಪೆ, ಮುಖ, ಕತ್ತು, ಮೊಣಕೈ ಮಡಿಕೆ ಮೊದಲು ಕೆರಳುತ್ತವೆ. ಹೊಲದಲ್ಲಿ ದುಡಿಯುವ ನಡುವಯಸ್ಸಿನ ಗಂಡಸರಲ್ಲಿ ಇದು ಹೆಚ್ಚು. ಹೊಲವೇ ಜೀವನಾಧಾರವಾದವರಿಗೆ 'ಗಿಡದಿಂದ ದೂರವಿರಿ' ಎಂಬ ಸಲಹೆಯನ್ನು ಪಾಲಿಸುವುದು ಸುಲಭವಲ್ಲ. ಗಿಡವನ್ನು ತಿನ್ನುವ ಮೆಕ್ಸಿಕೋ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಅದು ನೆಲೆಯೂರಿತಾದರೂ ಕಳೆ ನಿರ್ಮೂಲವಾಗಲಿಲ್ಲ.

ಇತರ ರೋಗಗಳಿಂದ ಭೇದ

ತುರಿಕೆಯೆಲ್ಲ ಇಸಬಲ್ಲ. ಕಜ್ಜಿಯು ಹುಳದಿಂದ ಬರುವ ಅಂಟುರೋಗ. ರಾತ್ರಿ ತುರಿಕೆ ಹೆಚ್ಚಾಗಿ, ಬೆರಳುಗಳ ಸಂದಿನಲ್ಲಿ ಗುಳ್ಳೆಗಳೆದ್ದು, ಮನೆಯ ಹಲವರಿಗೆ ಒಟ್ಟಿಗೇ ಕಾಣಿಸುತ್ತದೆ. ಹುಳುಕಡ್ಡಿ ಶಿಲೀಂಧ್ರದ ಸೋಂಕು. ಅಂಚು ಉಂಗುರದಂತೆ ಉಬ್ಬಿ ನಡುಭಾಗ ತಿಳಿಯಾಗಿರುತ್ತದೆ.

ಚಿಕಿತ್ಸೆ

ಒಡೆದ ಗೋಡೆಗೆ ಗಾರೆ ಮೆತ್ತುವುದು ಮೊದಲ ಕೆಲಸ. ಸ್ನಾನವಾದ ಕೆಲವೇ ನಿಮಿಷಗಳಲ್ಲಿ, ಮೈ ಇನ್ನೂ ತುಸು ತೇವವಾಗಿರುವಾಗಲೇ, ಪೆಟ್ರೋಲಿಯಂ ಜೆಲ್ಲಿ ಅಥವಾ ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಬೇಕು. ಕೊಬ್ಬರಿ ಎಣ್ಣೆಯೂ ಒಣಚರ್ಮಕ್ಕೆ ಹಿತಕರ. ಸ್ನಾನಕ್ಕೆ ಉಗುರು ಬೆಚ್ಚಗಿನ ನೀರು ಸಾಕು. ಸುಡುನೀರು ತುರಿಕೆಗೆ ಆ ಕ್ಷಣದಲ್ಲಿ ಹಾಯೆನಿಸಿದರೂ ಚರ್ಮವನ್ನು ಒಣಗಿಸುತ್ತದೆ. ಲೇಪವನ್ನು ಇಸಬು ಶಮನವಾದ ಬಳಿಕವೂ ಮುಂದುವರಿಸಬೇಕಾಗುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲೇ.

ಕೆರಳಿದ ಇಸಬಿಗೆ ಸ್ಟಿರಾಯ್ಡ್ ಮುಲಾಮು ಪ್ರಮುಖ ಔಷಧ. 1952ರಲ್ಲಿ ಅಮೆರಿಕದ ಸಲ್ಜ್‌ಬರ್ಗರ್ ಮತ್ತು ವಿಟನ್ ಹೈಡ್ರೋಕಾರ್ಟಿಸೋನನ್ನು ಚರ್ಮಕ್ಕೆ ಹಚ್ಚಿ ಯಶಸ್ಸು ಕಂಡರು. ಮುಖಕ್ಕೆ ಮತ್ತು ಮಕ್ಕಳಿಗೆ ಸೌಮ್ಯವಾದದ್ದು, ದಪ್ಪ ಚರ್ಮಕ್ಕೆ ಪ್ರಬಲವಾದದ್ದು ಎಂದು ವೈದ್ಯರು ಆಯ್ಕೆ ಮಾಡುತ್ತಾರೆ. ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಮಿನಷ್ಟಿದ್ದು, ವಯಸ್ಕರ ಎರಡು ಅಂಗೈಗಳಷ್ಟು ಜಾಗಕ್ಕೆ ಸಾಕಾಗುತ್ತದೆ. ಭಯದಿಂದ ತೀರ ಕಡಿಮೆ ಹಚ್ಚಿದರೆ ರೋಗ ಶಮನವಾಗದೆ ಔಷಧದ ಅವಧಿಯೇ ಬೆಳೆಯುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಅಪಾಯಕಾರಿ. ಸ್ಟಿರಾಯ್ಡ್, ಶಿಲೀಂಧ್ರನಾಶಕ ಮತ್ತು ಆಂಟಿಬಯಾಟಿಕ್ ಮೂರನ್ನೂ ಬೆರೆಸಿದ ಟ್ಯೂಬುಗಳನ್ನು ಔಷಧದಂಗಡಿಯಿಂದ ನೇರವಾಗಿ ತಂದು ತಿಂಗಳುಗಟ್ಟಲೆ ಹಚ್ಚುವುದು ಭಾರತದಲ್ಲಿ ವ್ಯಾಪಕವಾಗಿದೆ. ಇದರಿಂದ ಚರ್ಮ ತೆಳುವಾಗಿ ಬಿಳಿಗೆರೆಗಳು ಮೂಡುತ್ತವೆ, ಮುಖದಲ್ಲಿ ಮೊಡವೆ ಏಳುತ್ತದೆ. ನಿಜವಾಗಿ ಹುಳುಕಡ್ಡಿಯಾಗಿದ್ದರೆ ತುರಿಕೆ ಅಡಗುತ್ತದೆ, ಸೋಂಕು ಮಾತ್ರ ರೂಪ ಮರೆಸಿಕೊಂಡು ಹರಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಕಡ್ಡಾಯವಾದ 'ಶೆಡ್ಯೂಲ್ ಎಚ್' ಪಟ್ಟಿಗೆ ಸೇರಿಸಿತು.

ರೆಪ್ಪೆಯಂತಹ ಸೂಕ್ಷ್ಮ ಜಾಗಗಳಿಗೆ ಸ್ಟಿರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಮುಲಾಮು ಬಳಕೆಯಲ್ಲಿದೆ. ತುರಿಕೆಯ ಮಾತ್ರೆಗಳಾದ ಆಂಟಿಹಿಸ್ಟಮಿನ್‌ಗಳಿಂದ ಇಸಬಿನಲ್ಲಿ ಹೆಚ್ಚಿನ ಪ್ರಯೋಜನವಿಲ್ಲ. ನಿದ್ದೆ ತರಿಸುವಂಥವು ರಾತ್ರಿ ಕೆರೆತವನ್ನು ತುಸು ತಗ್ಗಿಸಬಹುದು. ತೀವ್ರ ಸ್ಥಿತಿಯಲ್ಲಿ ನೇರಳಾತೀತ ಕಿರಣ ಚಿಕಿತ್ಸೆ, ಸೈಕ್ಲೊಸ್ಪೋರಿನ್, ಮೆಥೊಟ್ರೆಕ್ಸೇಟ್ ಮೊದಲಾದವನ್ನು ಕೊಡುತ್ತಾರೆ. ಪಾರ್ಥೇನಿಯಂ ಇಸಬಿಗೆ ಭಾರತದ ವೈದ್ಯರು ಅಜಥಯೋಪ್ರಿನ್ ಬಳಸುತ್ತಾರೆ. 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡುಪಿಲುಮ್ಯಾಬ್ ಚುಚ್ಚುಮದ್ದು ಪರಿಣಾಮಕಾರಿಯಾದರೂ ದುಬಾರಿ.

ಹಕ್ಕಳೆ ಜೇನುಬಣ್ಣಕ್ಕೆ ತಿರುಗಿ ಕೀವು ತುಂಬಿದರೆ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾದ ಸೋಂಕನ್ನು ಶಂಕಿಸಬೇಕು. ಜ್ವರದೊಂದಿಗೆ ಒಂದೇ ಅಳತೆಯ ನೋವಿನ ಗುಳ್ಳೆಗಳು ಹಠಾತ್ತನೆ ಹರಡಿದರೆ ಅದು ಹರ್ಪಿಸ್ ವೈರಸ್ಸಿನ ಸೋಂಕಾಗಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಪಥ್ಯ

ಬದನೆಕಾಯಿ, ಮೀನು, ಮೊಟ್ಟೆ ಮೊದಲಾದವನ್ನು ನಂಜೆಂದು ಬಿಡಿಸುವುದು ವಾಡಿಕೆ. ತೀವ್ರ ಇಸಬಿರುವ ಕೆಲವು ಎಳೆಯ ಮಕ್ಕಳಲ್ಲಿ ಆಹಾರದ ಅಲರ್ಜಿ ಇರುವುದು ನಿಜ. ಆದರೆ ಪರೀಕ್ಷಿಸದೆ ಹಾಲು, ಮೊಟ್ಟೆ, ಬೇಳೆಗಳನ್ನು ನಿಲ್ಲಿಸಿದರೆ ಬೆಳೆಯುವ ಮಗುವಿಗೆ ಪೋಷಕಾಂಶದ ಕೊರತೆಯಾಗುತ್ತದೆ, ಇಸಬು ಇದ್ದಂತೆಯೇ ಇರುತ್ತದೆ. ಅಟಾಪಿಕ್ ಇಸಬಿರುವ ಅನೇಕ ಮಕ್ಕಳಲ್ಲಿ ಪ್ರಾಯ ಬರುವ ಹೊತ್ತಿಗೆ ರೋಗ ತಾನಾಗಿಯೇ ತಗ್ಗುತ್ತದೆ. ಚರ್ಮದ ಒಣ ಸ್ವಭಾವ ಮಾತ್ರ ಉಳಿಯಬಹುದು.