ಪರೀಕ್ಷೆ ಮಾತ್ರೆಗೆ, ಸಹಿ ಮಧುಗಿರಿಯವರದ್ದು

ಜ್ವರದ ಮಾತ್ರೆ ಕೆಲಸ ಮಾಡಿತೋ ಇಲ್ಲವೋ ಅಂತ ಥರ್ಮಾಮೀಟರ್ ಹೇಳುತ್ತೆ. ಬಿಪಿ ಮಾತ್ರೆಗೆ ಬಿಪಿ ಮಷಿನ್ ಇದೆ. ಸಕ್ಕರೆ ಕಾಯಿಲೆಗೆ ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಆದರೆ ಮನಸ್ಸಿನ ಕಾಯಿಲೆಗೆ ಕೊಟ್ಟ ಮಾತ್ರೆ ಕೆಲಸ ಮಾಡಿತು ಅಂತ ಹೇಳೋರು ಯಾರು? ಡಾಕ್ಟರಾ? ಮನೆಯವರಾ? ರೋಗಿಯಾ? ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಆ ಮಾತ್ರೆಯನ್ನು ಮೊದಲ ಸಲ ನುಂಗಿ ನೋಡೋದಕ್ಕೆ ಒಪ್ಪಿಗೆ ಕೊಡೋರು ಯಾರು?

ಇದು ದೂರದ ದೇಶದ ವಿಷಯ ಅಂದುಕೊಳ್ಳಬೇಡಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಎಷ್ಟೋ ಕುಟುಂಬಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಅಂದರೆ ಕೊನೆಯ ಭರವಸೆ. ಮೊದಲು ತಾಯತ, ಆಮೇಲೆ ಹರಕೆ, ಆಮೇಲೆ ದೆವ್ವ ಬಿಡಿಸೋರು, ಕೊನೆಗೆ ಬೆಂಗಳೂರು ಬಸ್ಸು. ಇದನ್ನು ತಿಳಿದೇ ನಿಮ್ಹಾನ್ಸ್‌ನವರು ಮಧುಗಿರಿಯಂಥ ಊರುಗಳಿಗೆ ತಾವೇ ಹೋಗಿ ತಿಂಗಳ ಶಿಬಿರ ನಡೆಸುವ ಪದ್ಧತಿ ಮಾಡಿಕೊಂಡರು. ಹೀಗೆ ಬಂದ ಯಾರಿಗೇ ಆಗಲಿ, ಒಂದು ದಿನ ಯಾವುದೋ ಆಸ್ಪತ್ರೆಯಲ್ಲಿ ಈ ಮಾತು ಎದುರಾಗಬಹುದು: "ಒಂದು ಹೊಸ ಔಷಧಿಯ ಅಧ್ಯಯನ ನಡೀತಿದೆ, ಸೇರ್ತೀರಾ?" ಉತ್ತರ ಕೊಡೋ ಮುಂಚೆ, ಆ ಪ್ರಶ್ನೆಯ ಹಿಂದಿರುವ ಇತಿಹಾಸ ಗೊತ್ತಿರಬೇಕು.

ಕೊರಟಗೆರೆಯ ಸಿದ್ಧರಬೆಟ್ಟ ಗಿಡಮೂಲಿಕೆಗೆ ಹೆಸರುವಾಸಿ. ಇತಿಹಾಸವೂ ಒಂದು ಬೇರಿನಿಂದಲೇ ಶುರುವಾಗುತ್ತೆ. ಅದು ಸರ್ಪಗಂಧದ ಬೇರು. ಕನ್ನಡದಲ್ಲಿ ಸೂತ್ರನಾಭಿ ಅಂತಲೂ ಕರೀತಾರೆ. ಹುಚ್ಚಿಗೆ, ನಿದ್ದೆಗೆಟ್ಟವರಿಗೆ ನಮ್ಮವರು ಇದನ್ನು ತಲೆಮಾರುಗಳಿಂದ ಕೊಡುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಇದರ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1949ರಲ್ಲಿ ಮುಂಬೈನ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ರಕ್ತದೊತ್ತಡಕ್ಕೆ ಇದು ಹೇಗೆ ಉಪಯೋಗ ಅಂತ ತೋರಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಬೇರಿನಿಂದ ರೆಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಿತು. 1954ರಲ್ಲಿ ನ್ಯೂಯಾರ್ಕ್ ರಾಜ್ಯದ ಮಾನಸಿಕ ಆಸ್ಪತ್ರೆಯೊಂದರ ವೈದ್ಯ ನೇಥನ್ ಕ್ಲೈನ್ ಅದನ್ನು ತಮ್ಮ ರೋಗಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದರು. ನಮ್ಮ ನೆಲದ ಬೇರು ಜಗತ್ತಿನ ಆಸ್ಪತ್ರೆಗಳನ್ನು ಸೇರಿತು.

ಆಮೇಲೆ ಏನಾಯ್ತು? ರಕ್ತದೊತ್ತಡಕ್ಕೆ ರೆಸರ್ಪಿನ್ ತಗೊಂಡ ಕೆಲವರು ಖಿನ್ನತೆಗೆ ಜಾರಿದರು ಅಂತ ವರದಿಗಳು ಬಂದವು. ಅದು ನಿಜವಾಗಿ ಔಷಧಿಯ ತಪ್ಪೋ, ಕಾಕತಾಳೀಯವೋ ಅನ್ನೋ ವಾದ ಪೂರ್ತಿ ಮುಗಿದೇ ಇಲ್ಲ. ಯಾಕೆ? ಆಗ ಖಿನ್ನತೆಯನ್ನು ಎಲ್ಲರೂ ಒಂದೇ ರೀತಿ ಅಳೆಯುವ ವ್ಯವಸ್ಥೆ ಇರಲಿಲ್ಲ. ಮ್ಯಾಕ್ಸ್ ಹ್ಯಾಮಿಲ್ಟನ್ ಎಂಬ ಬ್ರಿಟಿಷ್ ವೈದ್ಯ ಖಿನ್ನತೆಗೆ ಅಂಕ ಕೊಡುವ ಪಟ್ಟಿ ಮಾಡಿದ್ದು 1960ರಲ್ಲಿ. ಅಳತೆಗೋಲು ಬರೋ ಮುಂಚೆಯೇ ಮಾತ್ರೆ ಮಾರುಕಟ್ಟೆಗೆ ಬಂದಿತ್ತು.

ನಾನು ಇಂಜಿನಿಯರಿಂಗ್ ಓದಿದವನು. ಕಾಂಕ್ರೀಟ್ ಗಟ್ಟಿಯಿದೆಯಾ ಅಂತ ನೋಡಬೇಕಾದರೆ ಕ್ಯೂಬ್ ಮಾಡಿ, ನೀರಲ್ಲಿ ನೆನೆಸಿ, 28ನೇ ದಿನ ಮಷಿನ್ನಿಗೆ ಕೊಟ್ಟು ಒಡೀತೀವಿ. ಕ್ಯೂಬು ನೋವು ಅನ್ನಲ್ಲ, ಬೇಡ ಅನ್ನಲ್ಲ. "ಇವತ್ತು ಡಾಕ್ಟರು ನನ್ನ ಜೊತೆ ಚೆನ್ನಾಗಿ ಮಾತಾಡಿದರು, ಹಾಗಾಗಿ ಹಗುರ ಅನಿಸ್ತಿದೆ" ಅಂತಲೂ ಹೇಳಲ್ಲ. ಮನುಷ್ಯ ಹೇಳ್ತಾನೆ. ಅದಕ್ಕೇ ಮನೋರೋಗದ ಔಷಧಿ ಪರೀಕ್ಷೆಗೆ ಬೇರೆಯದೇ ನಿಯಮ ಬೇಕಾಯಿತು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಔಷಧಿಯೇ ಇಲ್ಲದ, ನೋಡೋಕೆ ಅದೇ ಥರದ ಪ್ಲಾಸಿಬೊ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಅಂಕ ಕೊಡೋ ಡಾಕ್ಟರಿಗೂ ಗೊತ್ತಿಲ್ಲ. ಇದೇ ಡಬಲ್ ಬ್ಲೈಂಡ್.

ನಿಯಮಗಳು ಸುಮ್ಮನೆ ಬರಲಿಲ್ಲ. ಥಾಲಿಡೊಮೈಡ್ ಎಂಬ ಮಾತ್ರೆ 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು. ಯಾವುದಕ್ಕೆ? ನಿದ್ದೆಗೆ, ಆತಂಕಕ್ಕೆ. ಗರ್ಭಿಣಿಯರೂ ನುಂಗಿದರು. ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ ಮೇಲೆ, 1961ರಲ್ಲಿ, ವಾಪಸ್ ತಗೊಂಡರು. ಮಾರನೇ ವರ್ಷ ಅಮೆರಿಕ ಕಾನೂನನ್ನೇ ಬಿಗಿ ಮಾಡಿತು: ಔಷಧಿ ಅಪಾಯವಿಲ್ಲ ಅಂದರೆ ಸಾಲದು, ಕೆಲಸ ಮಾಡುತ್ತೆ ಅಂತಲೂ ಸಾಬೀತು ಮಾಡಿ. 1964ರಲ್ಲಿ ಜಗತ್ತಿನ ವೈದ್ಯರ ಸಂಘ ಹೆಲ್ಸಿಂಕಿ ಘೋಷಣೆ ಹೊರಡಿಸಿತು. 1977ರ ಹೊತ್ತಿಗೆ ಅಮೆರಿಕದ ಎಫ್‌ಡಿಎ ಖಿನ್ನತೆಯ ಔಷಧಿಗಳನ್ನು ಹೇಗೆ ಪರೀಕ್ಷಿಸಬೇಕು ಅಂತಲೇ ಮಾರ್ಗಸೂಚಿ ಬರೆಯಿತು.

ಬೆಂಗಳೂರು ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. 1847ರಲ್ಲಿ ಶುರುವಾದ ಹುಚ್ಚಾಸ್ಪತ್ರೆ 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಆಯಿತು, 1974ರಲ್ಲಿ ನಿಮ್ಹಾನ್ಸ್ ಆಯಿತು. 1976ರಲ್ಲಿ ಪ್ರಕಟವಾದ ಒಂದು ಬೆಂಗಳೂರು ಅಧ್ಯಯನದಲ್ಲಿ ಉನ್ಮಾದಕ್ಕೆ ಕೊಡುವ ಬ್ರಾಹ್ಮ್ಯಾದಿ ಯೋಗ, ತಗರ ಎಂಬ ಆಯುರ್ವೇದ ಔಷಧಿಗಳನ್ನೂ ಡಬಲ್ ಬ್ಲೈಂಡ್ ಪದ್ಧತಿಯಲ್ಲೇ ಪರೀಕ್ಷೆಗೆ ಒಡ್ಡಿದರು. ಅಜ್ಜಿಯ ಮದ್ದಿಗೂ ಕಂಪನಿಯ ಮಾತ್ರೆಗೂ ಒಂದೇ ತಕ್ಕಡಿ. ಇದು ಹೆಮ್ಮೆಯ ಮಾತು.

ಆದರೆ ತಕ್ಕಡಿ ಸರಿಯಿದ್ದರೆ ಸಾಕಾ? ತಕ್ಕಡಿಯಲ್ಲಿ ಕೂತಿರೋದು ಮನುಷ್ಯ ಅಲ್ಲವಾ? ಭಾರತದ ಔಷಧಿ ನಿಯಮಗಳಲ್ಲಿ ಪ್ರಯೋಗಗಳಿಗೆ ಅಂತ 'ಶೆಡ್ಯೂಲ್ ವೈ' ಸೇರಿದ್ದು 1988ರಲ್ಲಿ. ಐಸಿಎಂಆರ್ ನೈತಿಕ ಮಾರ್ಗಸೂಚಿ ಹೊರಬಂದಿದ್ದು 2000ದಲ್ಲಿ. 2005ರ ಜನವರಿಯಲ್ಲಿ ಶೆಡ್ಯೂಲ್ ವೈ ತಿದ್ದುಪಡಿಯಾಗಿ, ವಿದೇಶಿ ಕಂಪನಿಗಳು ತಮ್ಮ ದೇಶದ ಜೊತೆಜೊತೆಗೇ ಇಲ್ಲೂ ಪ್ರಯೋಗ ಮಾಡೋದು ಸುಲಭವಾಯಿತು. ಅದೇ ವರ್ಷ ಬ್ರಿಟನ್ನಿನ ಮನೋವೈದ್ಯರ ಪತ್ರಿಕೆಯಲ್ಲಿ ಭಾರತದ ಒಂದು ಪ್ರಯೋಗದ ವರದಿ ಬಂತು. ರಿಸ್ಪೆರಿಡೋನ್ ಎಂಬ ಮಾತ್ರೆ. ತೀವ್ರ ಮೇನಿಯಾ, ಅಂದರೆ ಮನಸ್ಸು ಅತಿಯಾಗಿ ಕೆರಳಿ ಹತೋಟಿ ತಪ್ಪಿದ 290 ರೋಗಿಗಳು. ಮೂರು ವಾರ. ಸುಮಾರು ಅರ್ಧ ಜನಕ್ಕೆ ಪ್ಲಾಸಿಬೊ. ವರದಿಯ ಮೊದಲ ಲೇಖಕರು ನಮ್ಮ ನಿಮ್ಹಾನ್ಸ್‌ನವರು.

ಫಲಿತಾಂಶ ಸ್ಪಷ್ಟವಾಗಿತ್ತು, ಮಾತ್ರೆ ಗೆದ್ದಿತು. ಆದರೆ ಮರುವರ್ಷ ಅದೇ ಪತ್ರಿಕೆಯಲ್ಲಿ ಭಾರತದ ವೈದ್ಯರೇ ಪ್ರಶ್ನೆ ಎತ್ತಿದರು. ಮೇನಿಯಾಕ್ಕೆ ಗುಣ ಕೊಡುವ ಔಷಧಿ ಆಗಲೇ ಇರುವಾಗ ಇಷ್ಟು ಕಾಯಿಲೆಯಾದವರಿಗೆ ಖಾಲಿ ಮಾತ್ರೆ ಯಾಕೆ? ಆ ಸ್ಥಿತಿಯಲ್ಲಿರುವವರು ತಿಳಿದು ಸಮ್ಮತಿ ಕೊಡೋಕೆ ಸಾಧ್ಯವಾ? ನೈತಿಕ ಸಮಿತಿಗಳ ಒಪ್ಪಿಗೆ ಇತ್ತು, ಸಮ್ಮತಿ ಪಡೆದಿದ್ದೆವು ಅನ್ನೋದು ಸಂಶೋಧಕರ ನಿಲುವು. ಇಲ್ಲಿ ಯಾರನ್ನೂ ಕಟಕಟೆಗೆ ಹತ್ತಿಸೋದು ನನ್ನ ಉದ್ದೇಶ ಅಲ್ಲ. ಆದರೆ ನೋಡಿ, ಕಾಗದದ ಮೇಲೆ ಎಲ್ಲಾ ಸರಿ ಇದ್ದೂ ಪ್ರಶ್ನೆ ಉಳಿಯಬಹುದು ಅಂತ ಆ ಚರ್ಚೆ ತೋರಿಸಿಕೊಟ್ಟಿತು.

ಅಲ್ಲಿಂದ ಕಾನೂನು ಒಂದೊಂದೇ ಮೆಟ್ಟಿಲು ಹತ್ತಿದೆ. 2009ರ ಜೂನ್‌ನಿಂದ ಪ್ರತಿ ಔಷಧಿ ಪ್ರಯೋಗವನ್ನೂ ಸಾರ್ವಜನಿಕ ರಿಜಿಸ್ಟ್ರಿಯಲ್ಲಿ ದಾಖಲಿಸೋದು ಕಡ್ಡಾಯವಾಯಿತು. ಸುಪ್ರೀಂ ಕೋರ್ಟಿನಲ್ಲಿ ಕೇಸು ನಡೆಯುತ್ತಿದ್ದಾಗ, 2013ರಲ್ಲಿ, ಪ್ರಯೋಗದಿಂದ ಹಾನಿಯಾದರೆ ಪರಿಹಾರ ಕೊಡಬೇಕು ಅನ್ನೋ ನಿಯಮ ಬಂತು. ಪ್ಲಾಸಿಬೊ ಕೊಟ್ಟಿದ್ದರಿಂದಾದ ಹಾನಿಯೂ ಅದರಲ್ಲಿ ಸೇರಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 99ನೇ ಸೆಕ್ಷನ್ ಇನ್ನೂ ಮುಂದೆ ಹೋಯಿತು. ಸಂಶೋಧನೆಗೆ ರೋಗಿಯ ಸ್ವಂತ, ತಿಳಿದುಕೊಟ್ಟ ಸಮ್ಮತಿ ಬೇಕು. ಸಮ್ಮತಿ ಕೊಡೋ ಸ್ಥಿತಿಯಲ್ಲಿ ಇಲ್ಲ, ಆದರೆ ವಿರೋಧವೂ ಮಾಡ್ತಿಲ್ಲ ಅಂದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿ ಬೇಕು. ಅಂದರೆ ಗಂಡನೋ ಅಣ್ಣನೋ ಸಹಿ ಹಾಕಿದ ಮಾತ್ರಕ್ಕೆ ಮುಗೀಲಿಲ್ಲ. ಕೊಟ್ಟ ಸಮ್ಮತಿಯನ್ನು ಯಾವಾಗ ಬೇಕಾದರೂ ವಾಪಸ್ ತಗೋಬಹುದು. 2019ರ ಹೊಸ ನಿಯಮಗಳ ಪ್ರಕಾರ, ಹೊಚ್ಚಹೊಸ ಔಷಧಿಯ ಪ್ರಯೋಗಕ್ಕೆ ದುರ್ಬಲ ಸ್ಥಿತಿಯಲ್ಲಿರುವವರನ್ನು ಸೇರಿಸಿಕೊಳ್ಳುವಾಗ ಸಮ್ಮತಿ ಪಡೆಯುವುದನ್ನು ವಿಡಿಯೋ ಮಾಡಲೇಬೇಕು. ಓದು ಬಾರದವರಿಗೆ ಕಂಪನಿಗೂ ಆಸ್ಪತ್ರೆಗೂ ಸಂಬಂಧವಿಲ್ಲದ ಸಾಕ್ಷಿ ಇರಬೇಕು.

ಈಗ ಈ ನಿಯಮಗಳನ್ನು ಪಾವಗಡದ ಒಂದು ಮನೆಗೆ ತಗೊಂಡು ಹೋಗೋಣ. ತಾಲ್ಲೂಕಿನ ಸುತ್ತ ಆಂಧ್ರ, ಮನೆಯಲ್ಲಿ ತೆಲುಗು. ಕನ್ನಡದಲ್ಲಿ ಅಚ್ಚಾದ ಹತ್ತಾರು ಪುಟದ ಫಾರಂ ಆ ತಾಯಿಗೆ ಏನು ಹೇಳುತ್ತೆ? ಶಿರಾದ ರೈತನೊಬ್ಬ ಡಿಪ್ರೆಶನ್ ಅನ್ನಲ್ಲ. "ಮೈಯೆಲ್ಲಾ ಭಾರ, ಎದೆ ಉರಿ, ಯಾವುದೂ ಬೇಡ ಅನ್ಸುತ್ತೆ" ಅಂತಾನೆ. ಇಂಗ್ಲಿಷಿನಿಂದ ಇಳಿಸಿದ ಪ್ರಶ್ನಾವಳಿ ಅವನ ಎದೆ ಉರಿಗೆ ಎಷ್ಟು ಅಂಕ ಕೊಡುತ್ತೆ? ಅಳತೆಗೋಲು ತಪ್ಪಿದರೆ ಮಾತ್ರೆಯ ಫಲಿತಾಂಶವೂ ತಪ್ಪುತ್ತೆ. ಮಾರ್ಗಸೂಚಿ ದೆಹಲಿಯಲ್ಲಿ ಬರೆದದ್ದು ನಿಜ. ಅದು ಗೆಲ್ಲೋದು ಸೋಲೋದು ಈ ಮನೆಯ ಜಗುಲಿ ಮೇಲೆ.

ಹಾಗಂತ ಪ್ರಯೋಗವೇ ಬೇಡ ಅನ್ನೋದು ದೊಡ್ಡ ಅನ್ಯಾಯ. ಇವತ್ತು ನಮ್ಮ ಮನೆಯ ಹುಡುಗ ಮಾತ್ರೆ ತಗೊಂಡು ಹೊಲಕ್ಕೆ ಹೋಗ್ತಿದ್ದಾನೆ ಅಂದರೆ, ಹಿಂದೆ ಯಾರೋ ಅದನ್ನು ಪರೀಕ್ಷೆಗೆ ನುಂಗಿದ್ದಾರೆ. ಇದೇ ತುಮಕೂರು ಜಿಲ್ಲೆಯ ತುರುವೇಕೆರೆಯಲ್ಲಿ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇರುವವರನ್ನು ಅವರ ಊರಲ್ಲೇ ಗುರುತಿಸಿ, ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡಿದ್ದಾರೆ. ಸಂಶೋಧನೆ ಅಂದರೆ ಜನರನ್ನು ಬಳಸಿಕೊಳ್ಳೋದೇ ಆಗಬೇಕಿಲ್ಲ, ಜನರ ಜೊತೆ ನಿಲ್ಲೋದೂ ಆಗಬಹುದು.

ಹಾಗಾಗಿ ಯಾರಾದರೂ ಅಧ್ಯಯನಕ್ಕೆ ಕರೆದರೆ ಹೆದರಬೇಡಿ, ಆದರೆ ಕೇಳಿ. ಖಾಲಿ ಮಾತ್ರೆ ಬರುವ ಸಾಧ್ಯತೆ ಇದೆಯಾ? ಈಗ ತಗೋತಿರೋ ಔಷಧಿ ನಿಲ್ಲಿಸ್ತೀರಾ? ತೊಂದರೆಯಾದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು? ಬೇಡ ಅಂದರೂ ಮೊದಲಿನ ಹಾಗೇ ಚಿಕಿತ್ಸೆ ಕೊಡ್ತೀರಾ? ಈ ಕಾಗದ ಮನೆಗೆ ತಗೊಂಡು ಹೋಗಿ ಓದಿಸಿಕೊಂಡು ಬರಬಹುದಾ? ಎಲ್ಲಕ್ಕಿಂತ ಮೊದಲು, ಪಕ್ಕದಲ್ಲಿ ಸುಮ್ಮನೆ ಕೂತಿರುವ ನಿಮ್ಮ ಮಗನನ್ನೋ ಮಗಳನ್ನೋ ಕೇಳಿ: "ನಿನಗೆ ಇಷ್ಟ ಇದೆಯಾ?" ಕಾನೂನು ಕೊನೆಗೂ ಆ ಪ್ರಶ್ನೆ ಕೇಳೋದನ್ನು ಕಲಿತಿದೆ. ನಾವೂ ಕಲಿಯೋಣ.