ಉಕ್ಕು ಎಂಬ ಶಬ್ದವೂ ಇಂಗಾಲದ ಸಂಸ್ಕಾರವೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಮಲೆನಾಡಿಗೆ ಮೂಡಲಲ್ಲಿ ಬಾಬಾಬುಡನ್ ಗಿರಿಶ್ರೇಣಿಯಿರುವುದು. ಅಲ್ಲಿಯ ಕೆಮ್ಮಣ್ಣುಗುಂಡಿಯ ಅದಿರನ್ನು ಮರದ ಇದ್ದಿಲಿನಿಂದ ಕರಗಿಸುವ ಕುಲುಮೆಯು 1923ರಲ್ಲಿ ಭದ್ರಾವತಿಯಲ್ಲಿ ಹೊತ್ತಿತು. ಆದರೆ ಇಂಗಾಲವನ್ನು ಕೂಡಿಸಿ ಲೋಹವನ್ನು ಬಲಪಡಿಸುವ ವಿದ್ಯೆಯು ಕನ್ನಡನಾಡಿಗೆ ಆಗ ಬಂದುದಲ್ಲ. ಅದರ ಪ್ರಾಚೀನತೆಗೆ ‘ಉಕ್ಕು’ ಎಂಬ ಶಬ್ದವೇ ಒಂದು ಸಾಕ್ಷಿ.

1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನನು ಉಕ್ಕಿನ ಕುಲುಮೆಗಳನ್ನು ಕಂಡು ವರ್ಣಿಸಿದ್ದಾನೆ. ಮಣ್ಣಿನ ಮೂಸೆಯೊಳಗೆ ಮೆದು ಕಬ್ಬಿಣದ ತುಂಡನ್ನೂ ತಂಗಡಿಯ ಕಡ್ಡಿಗಳನ್ನೂ ಹಸುರೆಲೆಯನ್ನೂ ಇಟ್ಟು, ಬಾಯನ್ನು ಮಣ್ಣಿನಿಂದ ಮುಚ್ಚಿ, ಅನೇಕ ಮೂಸೆಗಳನ್ನು ಒಟ್ಟಿಗೆ ಇದ್ದಿಲಿನಲ್ಲಿ ಕಾಯಿಸುತ್ತಿದ್ದರು. ಗಾಳಿ ಸೋಕದೆ ಸುಟ್ಟ ಕಡ್ಡಿಯು ಇಂಗಾಲವಾಗುವುದು. ಇಂಗಾಲವನ್ನು ಹೀರಿದ ಕಬ್ಬಿಣವು ಕಡಮೆ ಶಾಖದಲ್ಲಿಯೇ ಕರಗುವುದು. ಹಳ್ಳಿಯ ಸಾಮಾನ್ಯ ಕುಲುಮೆಯಲ್ಲಿ ಕಬ್ಬಿಣವು ಪೂರ್ತಿಯಾಗಿ ದ್ರವವಾಗುತ್ತಿರಲಿಲ್ಲ. ಮೂಸೆಯಲ್ಲಿ ಮಾತ್ರ ಆಗುತ್ತಿತ್ತು.

ಶಬ್ದವೂ ಇದನ್ನೇ ಹೇಳುವುದು. ತಮಿಳಿನಲ್ಲಿ ‘ಉರುಕು’ ಎಂದರೆ ಕರಗು, ‘ಉರುಕ್ಕು’ ಎಂದರೆ ಉಕ್ಕು. ಕನ್ನಡದ ‘ಉಕ್ಕು’ ಅದರ ಜ್ಞಾತಿಶಬ್ದ. ಕರಗಿದುದೇ ಉಕ್ಕು, ಕ್ರಿಯೆಯೇ ನಾಮವಾಗಿದೆ. 1795ರಲ್ಲಿ ಜಾರ್ಜ್ ಪಿಯರ್ಸನನು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಈ ಲೋಹವನ್ನು ‘ವೂಟ್ಜ್’ ಎಂಬ ಹೆಸರಿನಿಂದ ಪ್ರಕಟಿಸಿದನು. ಅದು ‘ಉಕ್ಕು’ವಿನ ಬರಹದೋಷವಿರಬೇಕೆಂದು 1886ರ ಕೋಶದಲ್ಲಿ ಯೂಲ್, ಬರ್ನೆಲ್ ಎಂಬವರು ಊಹಿಸಿದರು. ಖಡ್ಗಗಳಿಗೆ ಡಮಾಸ್ಕಸಿನ ಕೀರ್ತಿ ಬಂದಿತು. ಲೋಹದ ಹೆಸರಿನಲ್ಲಿ ಮಾತ್ರ ದಕ್ಷಿಣದ ಕಮ್ಮಾರನ ಮಾತು ವಿಕೃತವಾಗಿಯಾದರೂ ಉಳಿಯಿತು.

2006ರಲ್ಲಿ ಡ್ರೆಸ್ಡನ್ನಿನ ಪೀಟರ್ ಪೌಫ್ಲರ್ ಮತ್ತು ಸಂಗಡಿಗರು ಹದಿನೇಳನೆಯ ಶತಮಾನದ ಇಂಥದೊಂದು ಖಡ್ಗದ ಚೂರನ್ನು ಆಮ್ಲದಲ್ಲಿ ಕರಗಿಸಿ ನೋಡಲು, ಇಂಗಾಲದ ನ್ಯಾನೋನಾಳಗಳು ಕಂಡುವೆಂದು ಪ್ರಕಟಿಸಿದರು. ಈ ನಿರ್ಣಯವನ್ನು ಎಲ್ಲ ಲೋಹಶಾಸ್ತ್ರಜ್ಞರೂ ಒಪ್ಪಿಲ್ಲ. ಇಂದಿನವರು ಅಂಥ ನಾಳಗಳನ್ನೇ ಲೋಹದ ಪುಡಿಯಲ್ಲಿ ಬೆರಸಿ, ದ್ರವ ಸಾರಜನಕದ −196 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಉಕ್ಕಿನ ಗುಂಡುಗಳಿಂದ ಅರೆಯುವರು. ಶೈತ್ಯದಲ್ಲಿ ಪುಡಿಯು ಪರಸ್ಪರ ಬೆಸೆದುಕೊಳ್ಳುವುದು ತಗ್ಗುವುದು, ಕಣವು ಸೂಕ್ಷ್ಮವಾಗಿಯೇ ಉಳಿಯುವುದು. ಗಂಟುಕಟ್ಟುವ ನಾಳಗಳೂ ಬಿಡಿಸಿಕೊಂಡು ಹರಡುವುವು.

ಹೀಗೆಂದು ನಮ್ಮ ಪೂರ್ವಿಕರು ನ್ಯಾನೋನಾಳವನ್ನು ಅರಿತಿದ್ದರೆನ್ನುವುದು ಸತ್ಯಕ್ಕೆ ದೂರ. ಅವರು ನಾಳವನ್ನು ಕಾಣಲಿಲ್ಲ, ತಂಗಡಿಯ ಕಡ್ಡಿಯ ಫಲವನ್ನು ಕಂಡರು. ಇಲ್ಲದ ಜ್ಞಾನವನ್ನು ಅವರಿಗೆ ಆರೋಪಿಸುವುದೂ, ಇದ್ದ ಕೌಶಲವನ್ನು ಮರೆಯುವುದೂ ಚರಿತ್ರೆಗೆ ಸಮಾನವಾದ ಅಪಚಾರಗಳು. ಆ ಕಮ್ಮಾರರ ಹೆಸರುಗಳು ಉಳಿದಿಲ್ಲ; ಅವರಿಟ್ಟ ಹೆಸರು ಉಳಿದಿದೆ.